ಮೆಚ್ಚಿದೆನೆಂಬ ಮಾತು

ಹಬ್ಬದ ದಿನ. ನೆಂಟರು ಊಟಕ್ಕೆ ಕುಳಿತಿದ್ದಾರೆ. ಹಿರಿಯರೊಬ್ಬರು ಹೋಳಿಗೆಯ ತುಂಡನ್ನು ತುಪ್ಪದಲ್ಲಿ ಅದ್ದಿ ಬಾಯಿಗಿಟ್ಟು, “ಏನಮ್ಮ, ಹೋಳಿಗೆ ಬಹಳ ಸೊಗಸಾಗಿದೆಯಲ್ಲ!” ಎನ್ನುತ್ತಾರೆ. ಬಡಿಸುತ್ತಿರುವ ಮನೆಯಾಕೆ ಏನು ಹೇಳುತ್ತಾಳೆಂಬುದನ್ನು ನೀವೇ ಬಲ್ಲಿರಿ. “ಎಲ್ಲಿ ಸೊಗಸು ಮಾವ! ಈ ಸಲ ಬೇಳೆಯೇ ಸರಿಯಿರಲಿಲ್ಲ, ಹೂರಣ ಒರಟಾಗಿಬಿಟ್ಟಿತು.” ಪಾಪ, ಹೊಗಳಿದವರು ಈಗ ತಮ್ಮ ನಾಲಗೆಯನ್ನೇ ಸಂದೇಹಿಸಬೇಕಾಗುತ್ತದೆ. ಆಕೆಯ ಪತಿಯಾದರೋ ಇಪ್ಪತ್ತು ವರ್ಷಗಳಿಂದ ಆ ಹೋಳಿಗೆಯನ್ನು ತಿನ್ನುತ್ತ ಬಂದವನು. ಒಂದು ದಿನವೂ ಚೆನ್ನಾಗಿದೆಯೆಂದು ಬಾಯಿಬಿಟ್ಟವನಲ್ಲ. ಸಾರಿಗೆ ಉಪ್ಪು ಹೆಚ್ಚಾದ ದಿನ ಮಾತ್ರ ಅವನಿಗೆ ಮಾತು ಬರುತ್ತದೆ.

ಇದು ಯಾರೋ ಒಬ್ಬರ ಮನೆಯ ಕಥೆಯಲ್ಲ. ನಿಮ್ಮ ಮನೆ, ನನ್ನ ಮನೆ ಎರಡೂ ಇದರಲ್ಲಿವೆ. ಹೊಗಳುವುದಕ್ಕೆ ನಮಗೆ ಸಂಕೋಚ, ಹೊಗಳಿಸಿಕೊಳ್ಳುವುದಕ್ಕೆ ಅದಕ್ಕಿಂತಲೂ ಸಂಕೋಚ. ಮಗುವನ್ನು ಯಾರಾದರೂ ‘ಎಷ್ಟು ಮುದ್ದಾಗಿದೆ’ ಎಂದರೆ ದೃಷ್ಟಿ ತಾಗೀತೆಂದು ಅಜ್ಜಿ ಕೂಡಲೆ ಲಟಿಕೆ ಮುರಿಯುತ್ತಾಳೆ. ಗುರುಗಳನ್ನು ಎದುರಿಗೆ ಹೊಗಳಬಹುದು, ಮಿತ್ರರನ್ನು ಅವರಿಲ್ಲದಾಗ ಹೊಗಳಬೇಕು, ಆಳುಗಳನ್ನು ಕೆಲಸ ಮುಗಿದ ಮೇಲೆ ಹೊಗಳಬೇಕು, ಮಕ್ಕಳನ್ನು ಮಾತ್ರ ಹೊಗಳಲೇಬಾರದು ಎಂಬ ಅರ್ಥದ ಹಳೆಯ ಸುಭಾಷಿತವೊಂದುಂಟು. ಅದನ್ನು ಪಾಠ ಹೇಳಿ ಹೇಳಿ ನಾನೂ ಬಹುಕಾಲ ಅದರಂತೆಯೇ ನಡೆದೆ. ಅದರಿಂದ ಆದ ಒಂದು ನಷ್ಟವನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ನಮ್ಮ ಪೂರ್ವಿಕರು ಮೆಚ್ಚುಗೆಯ ಮಾತನ್ನು ಹೇಗೆ ಕೊಟ್ಟರು, ಹೇಗೆ ಪಡೆದರು ಎಂಬುದನ್ನು ನೋಡೋಣ. ಕನ್ನಡನಾಡಿನ ಕಲ್ಲುಗಳೂ ಕಾವ್ಯಗಳೂ ಈ ವಿಷಯದಲ್ಲಿ ಬಹಳ ಹೇಳುತ್ತವೆ.

ಮೊದಲು ನುಡಿಯನ್ನೇ ಗಮನಿಸಿರಿ. ನಮ್ಮಲ್ಲಿ ‘ಹೊಗಳು’ ಎಂಬುದೊಂದು, ‘ಮೆಚ್ಚು’ ಎಂಬುದೊಂದು. ಹೊಗಳುವುದು ಬಾಯಿಯ ಕೆಲಸ, ಮೆಚ್ಚುವುದು ಮನಸ್ಸಿನದು. ಮೆಚ್ಚದೆ ಹೊಗಳುವವರು ಎಲ್ಲ ಕಾಲದಲ್ಲಿಯೂ ಇದ್ದರು. ‘ಹೊಗಳುಭಟ್ಟ’ ಎಂಬ ಮಾತು ಇಂದು ಬೈಗುಳವಾಗಿ ಉಳಿದಿರುವುದಕ್ಕೆ ಅವರೇ ಕಾರಣ. ಬೆನ್ನು ತಟ್ಟುವಾಗ ನಾವು ಹೇಳುವ ‘ಶಾಭಾಸ್’ ಪಾರಸಿಯಿಂದ ಬಂದದ್ದು. ಅದರ ಮೂಲಾರ್ಥ ‘ಸಂತೋಷವಾಗಿರು’ ಎಂದು. ಹೊಗಳಿಕೆಯಲ್ಲಿ ಹರಕೆಯೂ ಸೇರಿದೆಯೆಂಬುದು ಎಷ್ಟು ಚೆಂದ!

ಈಗ ಬಾದಾಮಿಗೆ ಬನ್ನಿರಿ. ಅಲ್ಲಿ ಕೆರೆಯ ಹತ್ತಿರದ ಬಂಡೆಯೊಂದರ ಮೇಲೆ ಸುಮಾರು ಕ್ರಿ. ಶ. ೭೦೦ರ ಕಾಲದ ಒಂದು ಬರಹವಿದೆ. ಕಪ್ಪೆ ಅರಭಟ್ಟನೆಂಬುವನನ್ನು ಕುರಿತದ್ದು. ನಮ್ಮ ತ್ರಿಪದಿಗೆ ಅತಿ ಪ್ರಾಚೀನ ಉದಾಹರಣೆಯೆಂದು ಪಂಡಿತರು ಅದನ್ನು ಎತ್ತಿಹೇಳುತ್ತಾರೆ. ಅದರಲ್ಲಿರುವುದಾದರೂ ಏನು? ಒಬ್ಬ ಮನುಷ್ಯನ ಗುಣಗಳ ಮೆಚ್ಚುಗೆ. ಒಳ್ಳೆಯವರಿಗೆ ಅವನು ಒಳ್ಳೆಯವನು, ಮಧುರವಾಗಿರುವವರಿಗೆ ಮಧುರನು, ಕೆಣಕಿದವರಿಗೆ ಮಾತ್ರ ಎದುರಿಲ್ಲದ ಮಾಧವ. ಅವನು ಎಷ್ಟು ಊರುಗಳನ್ನು ಗೆದ್ದನೆಂಬ ಪಟ್ಟಿ ಅಲ್ಲಿಲ್ಲ. ಅವನು ಇತರರೊಡನೆ ಹೇಗೆ ನಡೆದುಕೊಳ್ಳುತ್ತಿದ್ದನೆಂಬುದೇ ಅಲ್ಲಿಯ ಹೊಗಳಿಕೆ. ಸಾವಿರದ ಮುನ್ನೂರು ವರ್ಷಗಳ ಬಿಸಿಲು ಮಳೆಗಳನ್ನು ತಿಂದೂ ಆ ಮಾತು ಅಳಿಸಿಲ್ಲ.

ಸುಮಾರು ೮೫೦ರ ಹೊತ್ತಿಗೆ ಹುಟ್ಟಿದ ‘ಕವಿರಾಜಮಾರ್ಗ’ ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದು. ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಸಿದ್ಧವಾದ ಆ ಪುಸ್ತಕ ಜನಸಾಮಾನ್ಯರನ್ನೂ ಮೆಚ್ಚುತ್ತದೆ. ಈ ನಾಡಿನವರು ಸಂದರ್ಭವನ್ನು ತಿಳಿದು ಮಾತನಾಡಬಲ್ಲರು, ಇತರರು ಆಡಿದ್ದನ್ನು ಗ್ರಹಿಸಿ ವಿಚಾರ ಮಾಡಬಲ್ಲರು, ಓದಿಲ್ಲದವರೂ ಕಾವ್ಯದ ಹದವನ್ನು ಬಲ್ಲರು ಎಂಬುದು ಅದರ ತಾತ್ಪರ್ಯ. ಈ ಪ್ರಶಂಸೆಯಲ್ಲಿ ಎರಡು ಸಾಮರ್ಥ್ಯಗಳಿರುವುದನ್ನು ನೆನಪಿನಲ್ಲಿಡಿರಿ: ತಕ್ಕ ಮಾತನ್ನು ಆಡುವುದು ಒಂದು, ಆಡಿದ ಮಾತನ್ನು ತಕ್ಕಂತೆ ತೆಗೆದುಕೊಳ್ಳುವುದು ಇನ್ನೊಂದು. ನಮ್ಮ ಇಂದಿನ ವಿಷಯವೂ ಇವೆರಡೇ.

ಮೆಚ್ಚುಗೆಯನ್ನು ಕೊಡುವ ಕ್ರಮ, ಪಡೆಯುವ ಕ್ರಮ ಎರಡನ್ನೂ ಒಂದೇ ಕಡೆ ಕಾಣಬೇಕಾದರೆ ಆತಕೂರಿನ ಶಾಸನವನ್ನು ನೋಡಬೇಕು. ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಶಕ ೮೭೨, ಎಂದರೆ ಕ್ರಿ. ಶ. ೯೪೯-೫೦. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಡೆ ಕಾದಿದ ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದನು. ಅದನ್ನು ಮೆಚ್ಚಿ ಕೃಷ್ಣನು ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಮೊದಲಾದ ನಾಡುಗಳನ್ನು ಅವನಿಗೆ ಕೊಟ್ಟನು. ಬೂತುಗನಾದರೂ ತಾನೊಬ್ಬನೇ ಗೆದ್ದೆನೆಂದು ಕುಳಿತುಕೊಳ್ಳಲಿಲ್ಲ. ತನ್ನ ಮುಂದೆ ನಿಂತು ಕಾದಿದ ಮಣಲೆರನೆಂಬ ವೀರನನ್ನು ಕರೆದು, ‘ಮೆಚ್ಚಿದೆ, ಏನು ಬೇಕೋ ಕೇಳಿಕೋ’ ಎಂದನು.

ನೀವಾಗಿದ್ದರೆ ಏನು ಕೇಳುತ್ತಿದ್ದಿರಿ? ಮಣಲೆರ ಕೇಳಿದ್ದು ಒಂದು ನಾಯಿಯನ್ನು. ಬೂತುಗನ ಬಳಿ ಕಾಳಿ ಎಂಬ ಹೆಸರಿನ ಬೇಟೆನಾಯಿ ಇತ್ತು. ಅದನ್ನು ದಯಪಾಲಿಸಬೇಕೆಂದು ಬೇಡಿ ಪಡೆದನು. ‘ಅಯ್ಯೋ ಪ್ರಭು, ನಾನೇನು ಮಾಡಿದೆ, ನನಗೇನೂ ಬೇಡ’ ಎಂದು ಕೈಕೊಸರಿಕೊಳ್ಳಲಿಲ್ಲ. ಸಮಯ ಸಿಕ್ಕಿತೆಂದು ಅತಿಯಾಸೆಯನ್ನೂ ಪಡಲಿಲ್ಲ. ತನ್ನ ಮನಸ್ಸಿಗೆ ಪ್ರಿಯವಾದುದನ್ನು ನಾಚದೆ ಕೇಳಿದನು. ಮುಂದೊಮ್ಮೆ ಬೇಟೆಯಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಡಲಾಯಿತು. ಆ ಸ್ಥಾನದ ಗೊರವನು ಆ ಕಲ್ಲನ್ನು ಪೂಜಿಸದೆ ಉಣ್ಣಬಾರದೆಂಬ ಕಟ್ಟಳೆಯೂ ಆಯಿತು. ಕಲ್ಲಿನ ಮೇಲುಗಡೆ ನಾಯಿಯೂ ಹಂದಿಯೂ ಸೆಣಸುತ್ತಿರುವ ಶಿಲ್ಪವನ್ನು ಇಂದಿಗೂ ನೋಡಬಹುದು. ಬೂತುಗನು ಮಣಲೆರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ‘ಬಾಳ್ಗಚ್ಚು’ ಆಗಿ ಕೊಟ್ಟನು. ಬಾಳ್ಗಚ್ಚು ಎಂದರೆ ವೀರನ ಕತ್ತಿಯನ್ನು ತೊಳೆದು ಕೊಡುವ ದತ್ತಿ. ಚಕ್ರವರ್ತಿಯಿಂದ ಸಾಮಂತನಿಗೆ, ಸಾಮಂತನಿಂದ ವೀರನಿಗೆ, ವೀರನಿಂದ ಒಂದು ನಾಯಿಗೆ ಮೆಚ್ಚುಗೆ ಹರಿದ ಬಗೆ ಇದು. ಪಡೆದವರೆಲ್ಲರೂ ಅದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳದೆ ಮುಂದಕ್ಕೆ ದಾಟಿಸಿದರು.

ಇದೇ ಕಾಲದವನು ಪಂಪ. ೯೪೧ರಲ್ಲಿ ‘ಆದಿಪುರಾಣ’ವನ್ನು ಮುಗಿಸಿದ ಮೇಲೆ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಡನೆ ಹೋಲಿಸಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದನು. ದೊರೆ ಸಂತೋಷಪಟ್ಟು ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟನು. ಹಾಗಾದರೆ ಪಂಪನೂ ಹೊಗಳುಭಟ್ಟನೆ? ಈ ಸಂದೇಹಕ್ಕೆ ಅವನ ಕಾವ್ಯವೇ ಉತ್ತರ ಕೊಡುತ್ತದೆ. ಒಡೆಯನು ಅರ್ಜುನನಾಗಿರುವ ಕಾವ್ಯದಲ್ಲಿಯೇ, ಭಾರತದಲ್ಲಿ ಒಬ್ಬನನ್ನು ನೆನೆಯಬೇಕಾದರೆ ಕರ್ಣನನ್ನು ನೆನೆಯಿರೆಂದು ಹೇಳುವ ಧೈರ್ಯ ಅವನಿಗಿತ್ತು. ಅರಿಕೇಸರಿಗೂ ಅದನ್ನು ಕೇಳುವ ದೊಡ್ಡ ಮನಸ್ಸಿದ್ದಿರಬೇಕು. ಕಾವ್ಯದ ಕೊನೆಯಲ್ಲಿ ಪಂಪನು ಒಬ್ಬೊಬ್ಬರನ್ನೂ ಒಂದೊಂದು ಗುಣದಿಂದ ಗುರುತಿಸುತ್ತಾನೆ: ದುರ್ಯೋಧನನಿಗೆ ಛಲ, ಕರ್ಣನಿಗೆ ಸತ್ಯ, ಭೀಷ್ಮನಿಗೆ ಔನ್ನತ್ಯ, ದ್ರೋಣನಿಗೆ ಬಿಲ್ಲಿನ ವಿದ್ಯೆ, ಧರ್ಮರಾಯನಿಗೆ ನಿರ್ಮಲವಾದ ಚಿತ್ತ. ಎಲ್ಲರಿಗೂ ‘ಮಹಾತ್ಮ’ನೆಂಬ ಒಂದೇ ಮಾತನ್ನು ಹಂಚಿಬಿಡುವುದು ಸುಲಭವಾಗಿತ್ತು. ಅವನು ಹಾಗೆ ಮಾಡಲಿಲ್ಲ. ಯಾರಲ್ಲಿ ಯಾವುದು ದೊಡ್ಡದೋ ಅದನ್ನು ಹುಡುಕಿ ಹೇಳಿದನು. ಕೆಟ್ಟ ಪಕ್ಷದಲ್ಲಿದ್ದವನಿಗೂ ಅವನ ಪಾಲು ದೊರೆಯಿತು.

ಮೆಚ್ಚುಗೆ ಮಾತಿನಲ್ಲಿ ನಿಲ್ಲದೆ ಕಾರ್ಯವಾಗಿ ಬೆಳೆದ ಉದಾಹರಣೆ ಅತ್ತಿಮಬ್ಬೆಯದು. ಪೊನ್ನನ ‘ಶಾಂತಿಪುರಾಣ’ವನ್ನು ಬರೆಯಿಸಿದವರು ಆಕೆಯ ತಂದೆ ಮಲ್ಲಪನೂ ಅವನ ಸೋದರ ಪುನ್ನಮಯ್ಯನೂ. ಆ ಕಾವ್ಯ ಅಳಿಯಬಾರದೆಂದು ಅತ್ತಿಮಬ್ಬೆ ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲ. ಪ್ರತಿಯೊಂದು ಅಕ್ಷರವನ್ನೂ ಕಂಠದಿಂದ ಓಲೆಯ ಮೇಲೆ ಕೊರೆಯಬೇಕು. ಕವಿಗೆ ಇದಕ್ಕಿಂತ ದೊಡ್ಡ ಪ್ರಶಂಸೆ ಉಂಟೆ? ಬಳೆಗಾರರ ಕುಲದಲ್ಲಿ ಹುಟ್ಟಿದ ಮುದುವೊಳಲಿನ ರನ್ನನಿಗೂ ಆಕೆಯೇ ಆಶ್ರಯ. ೯೯೩ರಲ್ಲಿ ಮುಗಿದ ತನ್ನ ‘ಅಜಿತಪುರಾಣ’ದಲ್ಲಿ ರನ್ನನು ಆಕೆಯ ಶೀಲವನ್ನು ಬಿಳಿಯ ಅರಳೆಗೆ, ಗಂಗೆಯ ನೀರಿಗೆ, ಕೊಪಣದ ಬೆಟ್ಟಕ್ಕೆ ಹೋಲಿಸುತ್ತಾನೆ. ಮೊದಲ ಹೋಲಿಕೆಯನ್ನು ಗಮನಿಸಿರಿ: ಮನೆಮನೆಯಲ್ಲಿ ನೂಲುವ ಹತ್ತಿ! ದಾನಚಿಂತಾಮಣಿಯೆಂಬ ಬಿರುದಿನ ಹೆಂಗಸಿಗೆ ಕವಿ ಚಿನ್ನವನ್ನೂ ರತ್ನವನ್ನೂ ಹುಡುಕಲಿಲ್ಲ. ತನ್ನ ವಿಷಯದಲ್ಲಿ ಮಾತ್ರ ರನ್ನನಿಗೆ ಅಷ್ಟು ಸಂಯಮವಿರಲಿಲ್ಲವೆಂಬುದೂ ನಿಜ. ತನ್ನ ಕೃತಿಯನ್ನು ಪರೀಕ್ಷಿಸುವವನಿಗೆ ಎಂಟು ಎದೆ ಬೇಕೆಂದು ಗರ್ಜಿಸಿದವನು ಅವನು. ಕವಿಚಕ್ರವರ್ತಿಗೆ ಅದು ಒಪ್ಪುತ್ತದೆ. ನಮ್ಮ ನಿಮ್ಮಂಥವರಿಗೆ ಒಪ್ಪದು.

ಹನ್ನೆರಡನೆಯ ಶತಮಾನಕ್ಕೆ ಬಂದರೆ ಎಚ್ಚರಿಕೆಯ ದನಿ ಕೇಳಿಸುತ್ತದೆ. ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ಹೊಗಳುವವರ ದೊಡ್ಡ ಗುಂಪೇ ಇದ್ದಿರಬೇಕು. ತಮ್ಮವರ ಹೊಗಳಿಕೆಯನ್ನು ಅವರು ಹೊನ್ನಶೂಲವೆಂದು ಕರೆದರು. ಹೊನ್ನಿನದಾದರೇನು, ಶೂಲವು ಇರಿಯದೆ ಬಿಡುವುದೆ? ತನ್ನನ್ನು ತಾನು ಬಣ್ಣಿಸಿಕೊಳ್ಳುವುದನ್ನು ಅವರು ಕಳವು, ಕೊಲೆ, ಸುಳ್ಳುಗಳ ಸಾಲಿನಲ್ಲಿಯೇ ಇಟ್ಟು ಬೇಡವೆಂದರು. ಅಕ್ಕಮಹಾದೇವಿಯ ಮಾತು ಇನ್ನೂ ಸೂಕ್ಷ್ಮ. ಲೋಕದಲ್ಲಿ ಹುಟ್ಟಿದ ಮೇಲೆ ಸ್ತುತಿಯೂ ನಿಂದೆಯೂ ಬರುತ್ತವೆ. ಬಂದಾಗ ಕೋಪ ತಾಳದೆ ಸಮಾಧಾನಿಯಾಗಿರಬೇಕು ಎಂಬುದು ಆಕೆಯ ಅಭಿಪ್ರಾಯ. ನಿಂದೆಗೆ ಕೋಪ ಬರುವುದು ಸಹಜ. ಸ್ತುತಿಗೂ ಸಮಾಧಾನ ಬೇಕೆ ಎಂದು ಕೇಳುವಿರೇನೋ. ಬೇಕು. ಹೊಗಳಿದಾಗ ಉಬ್ಬುವುದು ಹೇಗೆ ಅಸಮಾಧಾನವೋ, ತಬ್ಬಿಬ್ಬಾಗಿ ‘ಇಲ್ಲ, ಇಲ್ಲ’ ಎಂದು ಕೈಯಾಡಿಸುವುದೂ ಹಾಗೆಯೇ.

ಮುಂದೆ ಹರಿಹರ ಕವಿ ಮನುಷ್ಯರನ್ನು, ಅದರಲ್ಲಿಯೂ ದೊರೆಗಳನ್ನು, ಹೊಗಳುವುದಿಲ್ಲವೆಂದು ಶಪಥದಂತೆ ಹೇಳಿ ಹಂಪೆಯ ವಿರೂಪಾಕ್ಷನ ಸನ್ನಿಧಿಯನ್ನು ಹಿಡಿದನು. ಅವನ ಸೋದರಳಿಯ ರಾಘವಾಂಕನು ಹರಿಶ್ಚಂದ್ರನ ಕಥೆಯನ್ನು ಬರೆದಾಗ, ನರಸ್ತುತಿ ಮಾಡಿದೆಯೆಂದು ಮಾವನು ಮುನಿದು ಹೊಡೆದನೆಂಬ ಪ್ರತೀತಿಯುಂಟು. ಸುಳ್ಳು ಹೊಗಳಿಕೆಯನ್ನು ಕಂಡು ಕಂಡು ಬೇಸತ್ತವನಿಗೆ ಇಂಥ ಸಿಟ್ಟು ಬರುವುದು ಆಶ್ಚರ್ಯವಲ್ಲ. ಆದರೆ ಸತ್ಯಕ್ಕಾಗಿ ರಾಜ್ಯವನ್ನೇ ಕಳೆದುಕೊಂಡವನನ್ನೂ ಮೆಚ್ಚಬಾರದೆಂದರೆ ಮೆಚ್ಚುವುದು ಇನ್ನಾರನ್ನು? ಕನ್ನಡಿಗರು ಮಾತ್ರ ಮಾವನನ್ನೂ ಅಳಿಯನನ್ನೂ ಸಮನಾಗಿ ಒಪ್ಪಿಕೊಂಡಿದ್ದಾರೆ.

ಆತ್ಮಪ್ರಶಂಸೆಯ ವಿಷಯದಲ್ಲಿ ಮಹಾಭಾರತದ ಕರ್ಣಪರ್ವದ ಪ್ರಸಂಗವೊಂದು ಬಹಳ ಸ್ವಾರಸ್ಯವಾದುದು. ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದವರನ್ನು ಕೊಲ್ಲುವೆನೆಂದು ಅರ್ಜುನನ ಪ್ರತಿಜ್ಞೆ. ನೊಂದ ಧರ್ಮರಾಯ ಅದೇ ಮಾತನ್ನು ಆಡಿಬಿಟ್ಟನು. ಅಣ್ಣನನ್ನು ಕೊಲ್ಲುವುದೆಂತು? ಹಿರಿಯರನ್ನು ನಿಂದಿಸಿದರೆ ಕೊಂದಂತೆಯೇ ಎಂದು ಕೃಷ್ಣನು ದಾರಿ ತೋರಿದನು. ನಿಂದಿಸಿದ ಅರ್ಜುನ ಪಶ್ಚಾತ್ತಾಪದಿಂದ ತನ್ನನ್ನೇ ಕೊಂದುಕೊಳ್ಳಲು ಹೊರಟಾಗ ಕೃಷ್ಣನು ಇನ್ನೊಂದು ದಾರಿ ಹೇಳಿದನು: ನಿನ್ನನ್ನು ನೀನೇ ಹೊಗಳಿಕೋ, ಆತ್ಮಹತ್ಯೆಗೆ ಅದು ಸಮ! ಮಕ್ಕಳಿಗೆ ಈ ಕಥೆಯನ್ನು ಹೇಳಿದಾಗಲೆಲ್ಲ ತರಗತಿ ನಗುತ್ತದೆ, ಮರೆಯುವುದಂತೂ ಇಲ್ಲ. ಕನ್ನಡದಲ್ಲಿ ಭಾರತವನ್ನು ಹಾಡಿದ ಗದುಗಿನ ಕುಮಾರವ್ಯಾಸನಾದರೋ ಹಲಗೆ ಬಳಪಗಳನ್ನು ಹಿಡಿಯದೆ, ಬರೆದ ಪದವನ್ನು ಅಳಿಸದೆ ಕಾವ್ಯವನ್ನು ರಚಿಸಿದ ಅಗ್ಗಳಿಕೆ ತನ್ನದೆಂದು ಹೇಳಿಕೊಂಡನು. ಆದರೆ ಕವಿ ವೀರನಾರಾಯಣ, ತಾನು ಬರಿಯ ಲಿಪಿಕಾರ ಎಂದೂ ಹೇಳಿದನು. ತನ್ನ ಶಕ್ತಿಯನ್ನು ಅಲ್ಲಗಳೆಯದೆ ಅದರ ಮೂಲಕ್ಕೆ ಕೈಮುಗಿದ ರೀತಿ ಇದು.

ಇನ್ನು ಹೊತ್ತು ಮೀರಿ ಬಂದ ಮೆಚ್ಚುಗೆಯ ಕಥೆ. ೧೮೭೦ರಲ್ಲಿ ನಂದಳಿಕೆಯಲ್ಲಿ ಹುಟ್ಟಿದ ಲಕ್ಷ್ಮೀನಾರಾಯಣಪ್ಪನವರು ಉಡುಪಿಯಲ್ಲಿ ಅಂಗಸಾಧನೆಯ ಉಪಾಧ್ಯಾಯರಾಗಿದ್ದರು. ಅವರೇ ಮುದ್ದಣ. ತಮ್ಮ ಕೃತಿಗಳನ್ನು ಮೈಸೂರಿನಲ್ಲಿ ಅಚ್ಚಾಗುತ್ತಿದ್ದ ಕಾವ್ಯಮಾಲೆಗಳಿಗೆ ಕಳುಹಿಸುವಾಗ ತಾವೇ ಬರೆದವರೆಂದು ಹೇಳಿಕೊಳ್ಳಲಿಲ್ಲ. ಹಳೆಯ ಕವಿಯ ಗ್ರಂಥಗಳೆಂಬಂತೆ ಕಳುಹಿಸಿದರು. ‘ರಾಮಾಶ್ವಮೇಧ’ದಲ್ಲಿ ಮಡದಿ ಮನೋರಮೆ ಗಂಡನ ಕಥೆಯನ್ನು ಕೇಳುತ್ತ, ಸೊಗಸಾದಲ್ಲಿ ತಲೆದೂಗುತ್ತಾಳೆ, ಬಿರುಸಾದ ಸಂಸ್ಕೃತ ಬಂದಲ್ಲಿ ನೇರವಾಗಿ ಆಕ್ಷೇಪಿಸುತ್ತಾಳೆ. ಅಂಥ ಕೇಳುಗಳನ್ನು ಕಲ್ಪಿಸಿಕೊಂಡ ಕವಿಗೆ ನಾಡಿನಿಂದ ‘ಭಲೆ’ ಎಂಬ ಮಾತನ್ನು ಕೇಳುವ ಭಾಗ್ಯ ಬರಲಿಲ್ಲ. ೧೯೦೧ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡರು. ಬರೆದವರು ಅವರೇ ಎಂದು ನಾಡಿಗೆ ಸ್ಪಷ್ಟವಾದದ್ದು ಆಮೇಲೆ. ಇಂದು ಅವರ ಗದ್ಯವನ್ನು ಹೊಗಳದ ಪಂಡಿತನಿಲ್ಲ. ಆ ಹೊಗಳಿಕೆಯಲ್ಲಿ ಒಂದು ಮಾತಾದರೂ ಅವರ ಕಿವಿಗೆ ಬಿದ್ದಿದ್ದರೆ!

ಈಗ ನನ್ನ ಮಾತು. ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಮಗ್ಗದ ಮನೆಯಿಂದ ಬಂದ ಒಬ್ಬ ಹುಡುಗನಿದ್ದ. ಒಂದು ದಿನ ‘ಗದಾಯುದ್ಧ’ದ ಪದ್ಯವನ್ನು ಎದ್ದು ಓದೆಂದೆ. ಏನು ಕಂಠ, ಏನು ಪದಚ್ಛೇದ! ಅರ್ಥ ತಾನಾಗಿಯೇ ಬಿಚ್ಚಿಕೊಂಡಿತು. ನನ್ನ ಮೈ ನವಿರೆದ್ದಿತು. ಆದರೆ ಹುಡುಗರನ್ನು ಎದುರಿಗೆ ಹೊಗಳಿದರೆ ತಲೆ ತಿರುಗೀತೆಂಬ ಶಾಸ್ತ್ರ ನನ್ನದು. “ಮಹಾಪ್ರಾಣ ಒಂದು ಕಡೆ ತಪ್ಪಿತು, ಕೂತುಕೋ” ಎಂದೆ. ಅವನು ಕುಳಿತ. ಆ ವರ್ಷ ಮತ್ತೆ ಅವನಾಗಿ ಎದ್ದು ಓದಲಿಲ್ಲ, ನಾನೂ ಕೇಳಲಿಲ್ಲ.

ಕಳೆದ ವರ್ಷ ಒಂದು ಮದುವೆಯ ಮನೆಯಲ್ಲಿ ಅವನು ಸಿಕ್ಕಿದ. ಸ್ವಂತ ಅಂಗಡಿ ಇಟ್ಟುಕೊಂಡಿದ್ದಾನೆ. ಕಾಲಿಗೆ ನಮಸ್ಕರಿಸಿ, “ಸಾರ್, ರನ್ನನ ಪಾಠ ನೀವು ಹೇಳಿದ ಹಾಗೆ ಇನ್ನು ಯಾರೂ ಹೇಳಲಾರರು. ದುರ್ಯೋಧನ ಅಂದರೆ ನನಗೆ ಈಗಲೂ ನಿಮ್ಮ ದನಿಯೇ ಕೇಳಿಸುತ್ತದೆ” ಎಂದ. ನಾನು ಅಭ್ಯಾಸಬಲದಿಂದ, “ಏ, ನನ್ನದೇನಯ್ಯ, ಏನೋ ಹೊಟ್ಟೆಪಾಡಿಗೆ ಹೇಳಿದ್ದು” ಎಂದುಬಿಟ್ಟೆ. ಅವನ ಮುಖ ಸಣ್ಣಗಾಯಿತು. ಇಷ್ಟು ವರ್ಷ ಅವನು ಜೋಪಾನವಾಗಿ ಇಟ್ಟುಕೊಂಡಿದ್ದ ಒಂದು ವಸ್ತುವನ್ನು ನನ್ನ ಕೈಗೆ ಕೊಡಲು ಬಂದಿದ್ದ. ಅದು ಕಾಸಿಗೂ ಬಾಳದೆಂದು ನಾನು ಹೇಳಿದಂತಾಯಿತು. ಅಂದು ಕೊಡಬೇಕಾದುದನ್ನು ಕೊಡಲಿಲ್ಲ, ಇಂದು ಕೊಟ್ಟದ್ದನ್ನು ಪಡೆಯಲಿಲ್ಲ. “ಆ ದಿನ ಪದ್ಯ ಓದಿದೆಯಲ್ಲ, ನೆನಪಿದೆಯೆ?” ಎಂದು ಕೇಳಿದೆ. “ಮಹಾಪ್ರಾಣ ತಪ್ಪಿತ್ತು ಸಾರ್” ಎಂದ. “ತಪ್ಪಿತ್ತು, ಆದರೆ ನನ್ನ ತರಗತಿಯಲ್ಲಿ ಅಷ್ಟು ಚೆನ್ನಾಗಿ ಯಾರೂ ಓದಿಲ್ಲ” ಎಂದೆ. ಅವನು ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಈಗ ಓದುವುದೆಲ್ಲ ಬಿಟ್ಟುಹೋಯಿತು ಸಾರ್” ಎಂದ. ಊಟಕ್ಕೆ ಎಲೆ ಹಾಕಿದರೆಂದು ಯಾರೋ ಕರೆದರು.

ಆದುದರಿಂದ, ವಾಚಕರೆ, ಬೂತುಗನಂತೆ ಮೆಚ್ಚಿದಾಗಲೇ ಮೆಚ್ಚಿದೆನೆಂದು ಹೇಳಿರಿ. ಪಂಪನಂತೆ ಯಾವುದು ಮೆಚ್ಚಿತೆಂಬುದನ್ನು ಗುರುತಿಸಿ ಹೇಳಿರಿ. ಮೆಚ್ಚದೆ ಇದ್ದರೆ ಹೊಗಳಬೇಡಿರಿ. ಹೊನ್ನಶೂಲದ ಮಾತು ನೆನಪಿರಲಿ. ನಿಮ್ಮನ್ನು ಯಾರಾದರೂ ಮೆಚ್ಚಿದರೆ ಅವರ ಮಾತನ್ನು ಸುಳ್ಳುಮಾಡಬೇಡಿರಿ. ‘ನಿಮ್ಮ ಮಾತು ಕೇಳಿ ಸಂತೋಷವಾಯಿತು’ ಎಂದರೆ ಸಾಕು. ಕಲಿಸಿದವರು ಇದ್ದರೆ ಕುಮಾರವ್ಯಾಸನಂತೆ ಅವರ ಹೆಸರನ್ನೂ ಹೇಳಿರಿ.

ಈ ಪತ್ರಿಕೆ ಬರುವ ಮನೆಗಳಲ್ಲಿ ರೇಡಿಯೋ ಉಂಟು. ಗಮಕಿಯೊಬ್ಬರು ಭಾರತವನ್ನು ವಾಚಿಸುತ್ತಿರುವಾಗ ನೀವು ಕುರ್ಚಿಯಲ್ಲಿ ಕುಳಿತಲ್ಲಿಯೇ ‘ಭಲೆ!’ ಎನ್ನುತ್ತೀರಿ. ಅವರಾದರೋ ಬಾಗಿಲು ಮುಚ್ಚಿದ ಕೋಣೆಯಲ್ಲಿ ಗೋಡೆಗಳ ನಡುವೆ ಹಾಡುತ್ತಿದ್ದಾರೆ. ನಿಮ್ಮ ‘ಭಲೆ’ ಅವರಿಗೆ ಕೇಳಿಸದು. ಒಂದು ಕಾರ್ಡು ಬರೆದು ಹಾಕಿರಿ. ಯಾವ ಪದ್ಯ, ಯಾವ ರಾಗ ನಿಮ್ಮ ಮನಸ್ಸನ್ನು ಹಿಡಿಯಿತೆಂದು ಎರಡು ಸಾಲು ಇದ್ದರೆ ಸಾಕು. ಬರೆದ ಮೇಲೆ ಅಡಿಗೆಮನೆಯ ಕಡೆಗೂ ಒಮ್ಮೆ ತಿರುಗಿ, ಅಂದಿನ ಹೋಳಿಗೆಯ ವಿಷಯವನ್ನು ಹೇಳಿಬಿಡಿರಿ. ಆಕೆ ಬೇಳೆಯ ಮೇಲೆ ತಪ್ಪು ಹೊರಿಸಿದರೆ, ಬೇಳೆ ಹೇಗೇ ಇರಲಿ, ಹೋಳಿಗೆ ಚೆನ್ನಾಗಿತ್ತು ಎಂದು ಇನ್ನೊಮ್ಮೆ ಹೇಳಿರಿ.